ಮಾತ್ರೆ ತೆಗೆಯಿರಿ

"ಮೂರರಲ್ಲಿ ಒಂದು ಸುಳ್ಳು ಹೇಳ್ತಿದೆ," ಎಂದು ಗೈಡ್ ಗಂಗರತ್ನಮ್ಮ ಮೇಡಂ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. "ಡಬ್ಬಿ, ಇಲ್ಲಾ ರಕ್ತ, ಇಲ್ಲಾ ಆ ಮುದುಕ. ಯಾವುದು ಅಂತ ನಾಳೆ ಮಧ್ಯಾಹ್ನದ ಒಳಗೆ ನನಗೆ ಗೊತ್ತಾಗ್ಬೇಕು."

ಶಶಿರೇಖ ಹಾಳೆಗಳನ್ನು ನೋಡಲಿಲ್ಲ. ಬೆಳಗಿನಿಂದ ಹತ್ತು ಸಲ ನೋಡಿ ಅವು ಬಾಯಿಪಾಠವಾಗಿದ್ದವು. ಅವಳು ನೋಡಿದ್ದು ಪಕ್ಕದ ಕುರ್ಚಿಯಲ್ಲಿದ್ದ ಶ್ರೀಧರನ ಕೈಗಳನ್ನು. ಎಲೆಕ್ಟ್ರಾನಿಕ್ಸ್ ವಿಭಾಗದ ಆ ಹುಡುಗ ಎರಡು ವರ್ಷದಿಂದ ಅವಳ ಜೊತೆ ಒಂದೇ ಮೇಜಿನಲ್ಲಿ ಕೂತು ಊಟ ಮಾಡುತ್ತಿದ್ದ. ಅವನ ಬೆರಳುಗಳು ಮೊಬೈಲಿನ ಅಂಚನ್ನು ಸುಮ್ಮನೆ ಉಜ್ಜುತ್ತಿದ್ದವು. ತಪ್ಪು ಮಾಡಿದವರ ಕೈ ಹೀಗೇ ಇರುತ್ತದೆ ಎಂದುಕೊಂಡಳು. ತನ್ನ ಕೈ ಬ್ಯಾಗಿನ ಜಿಪ್ಪನ್ನು ತೆರೆದು ಮುಚ್ಚಿ ಮಾಡುತ್ತಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ.

ಸಂಗತಿ ಇಷ್ಟು. ಬಂಗಾರಪೇಟೆಯ ಹೊರಗಿದ್ದ ಆ ಕಾಲೇಜಿನಲ್ಲಿ ಶಶಿರೇಖ ಪಿಎಚ್.ಡಿ.ಗೆಂದು ನಾಲ್ಕು ವರ್ಷ ಕೂತು ರಕ್ತದೊತ್ತಡಕ್ಕೆ ಒಂದು ಮಾತ್ರೆ ಮಾಡಿದ್ದಳು. ಔಷಧ ಹಳೆಯದೇ, ಅದು ಹೊಟ್ಟೆಯಲ್ಲಿ ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ್ದು ಮಾತ್ರ ಹೊಸದು. ಶ್ರೀಧರ ಮಾಡಿದ್ದು ಆ ಮಾತ್ರೆ ಇಡುವ ಡಬ್ಬಿ. ಬೆಳಿಗ್ಗೆ ಎಂಟಕ್ಕೆ ಅದು ಗಂಟೆ ಬಾರಿಸುತ್ತದೆ. ಮುಚ್ಚಳ ತೆರೆದು ಒಳಗಿನ ಒಂದು ಮಾತ್ರೆ ಕಡಿಮೆಯಾದರೆ, ಆ ಹೊತ್ತು ಗಳಿಗೆಯನ್ನು ಕಾಲೇಜಿನ ಕಂಪ್ಯೂಟರಿಗೆ ಕಳಿಸುತ್ತದೆ. ಮಾತ್ರೆ ಮತ್ತು ಡಬ್ಬಿ ಎರಡನ್ನೂ ಮುಚ್ಚಿದ ಚಿನ್ನದ ಗಣಿಯ ಕಾಲೊನಿಗಳ ಇಪ್ಪತ್ತನಾಲ್ಕು ಹಿರಿಯರಿಗೆ ಕೊಟ್ಟಿದ್ದರು. ಆಸ್ಪತ್ರೆಯ ಹಳೆ ಮಾತ್ರೆ ನಿಲ್ಲಿಸಿ ಅದರ ಬದಲು ಇದು ಎಂಬುದು ಒಪ್ಪಂದ. ಒಂದು ತಿಂಗಳಿಗೆ ಮೊದಲ ಆರು ಜನರ ರಕ್ತ ಪರೀಕ್ಷೆಯಾಯಿತು. ಐವರದ್ದು ಸರಿಯಾಗಿತ್ತು. ಆ ಕಾಲೊನಿಗಳಲ್ಲೊಂದಾದ ಕೋರಮಂಡಲ್‌ನ ಪೆರುಮಾಳ್ ಎಂಬ ಎಪ್ಪತ್ತೈದರ ಮುದುಕನ ರಕ್ತದಲ್ಲಿ ಮಾತ್ರ ಔಷಧದ ಸುಳಿವೇ ಇರಲಿಲ್ಲ, ಒತ್ತಡ ನೂರ ಎಂಬತ್ತರ ಹತ್ತಿರ ಕೂತಿತ್ತು. ಆದರೆ ಡಬ್ಬಿಯ ಪ್ರಕಾರ ಅವನಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬನಿಲ್ಲ.

"ಮಾತ್ರೆ ಎಸೀತಿದಾನೋ ಏನೋ, ಕೇಳಿದ್ರಾ?" ಎಂದರು ಮೇಡಂ.

"ಫೋನ್ ಮಾಡಿ ಕೇಳ್ದೆ ಮೇಡಂ. ದಿನಾ ಮಾತ್ರೆ ತೆಗೀತಿದೀರಾ ತಾತ ಅಂದ್ರೆ, ಒಂದಿನಾನೂ ತಪ್ಪಿಸಿಲ್ಲಮ್ಮಾ ಅಂದ್ರು. ಸುಳ್ಳು ಹೇಳೋ ದನಿಯಲ್ಲ ಅದು."

"ಹಾಗಾದ್ರೆ ನಿಮ್ಮಿಬ್ಬರಲ್ಲೇ ಒಬ್ಬರು," ಎಂದುಬಿಟ್ಟರು ಮೇಡಂ, ಕನ್ನಡಕ ತೆಗೆದು ಒರೆಸುತ್ತ. "ಯಾರದ್ದಾದ್ರೂ ಸರಿ, ಸುಳ್ಳು ಅಂಕಿ ಬರೆದಿದ್ದು ಅಂತಾದ್ರೆ ಆ ಥೀಸಿಸ್‌ಗೆ ನಾನು ಸೈ ಹಾಕೋದಿಲ್ಲ."

ಹೊರಗೆ ಬಂದ ಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಶ್ರೀಧರ ಕ್ಯಾಂಟೀನಿನ ಕಡೆ ಹೋದ. ಶಶಿರೇಖ ನೆಟ್ಟಗೆ ಲ್ಯಾಬಿಗೆ ಹೋಗಿ ಕಂಪ್ಯೂಟರ್ ತೆರೆದು ಪೆರುಮಾಳರ ಡಬ್ಬಿಯ ದಾಖಲೆಯನ್ನು ಹನ್ನೊಂದನೇ ಸಲ ನೋಡಿದಳು. ಎಂಟು ಗಂಟೆ ಐದು ಸೆಕೆಂಡು. ಎಂಟು ಗಂಟೆ ನಾಲ್ಕು ಸೆಕೆಂಡು. ಎಂಟು ಗಂಟೆ ಆರು ಸೆಕೆಂಡು. ಮೂವತ್ತು ದಿನವೂ ಇದೇ ಹಾಡು. ಉಳಿದವರ ಡಬ್ಬಿಗಳು ಒಂದು ದಿನ ಎಂಟೂ ಇಪ್ಪತ್ತು, ಒಂದು ದಿನ ಒಂಬತ್ತೂವರೆ, ಭಾನುವಾರ ಗೈರು ಎಂದು ಮನುಷ್ಯರ ಥರ ನಡೆದುಕೊಂಡಿದ್ದವು. ಈ ಒಂದು ಡಬ್ಬಿ ಮಾತ್ರ ಯಾರೋ ಕೂತು ಟೈಪ್ ಮಾಡಿದ ಹಾಗಿತ್ತು. ಯಾರೋ ಏನು, ಅವನೇ. ಡಬ್ಬಿ ಕೆಟ್ಟುಹೋಗಿರಬೇಕು, ಮುಚ್ಚಿಹಾಕಲು ಅಂಕಿ ತುಂಬಿದ್ದಾನೆ. ತನ್ನ ಟಿಫಿನ್ ಡಬ್ಬಿಯ ಮುದ್ದೆ ಸಾರು ಹಂಚಿಕೊಂಡು ತಿಂದವನು ಹೀಗೆ ಮಾಡಿದನಲ್ಲ ಎಂದುಕೊಂಡು ಎದ್ದಳು. ರಕ್ತದ ಟ್ಯೂಬುಗಳಿದ್ದ ಫ್ರಿಜ್ಜಿಗೆ ಬೀಗ ಹಾಕಿ ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು. ಬಾಗಿಲಲ್ಲಿ ಶ್ರೀಧರ ನಿಂತು ನೋಡುತ್ತಿದ್ದ.

"ಫ್ರಿಜ್ಜಿಗೆ ಯಾವತ್ತಿಂದ ಬೀಗ?" ಎಂದ.

"ಇವತ್ತಿಂದ."

"ಒಳ್ಳೇದು. ಟ್ಯೂಬ್ ಅದಲುಬದಲು ಆಗೋಕೆ ಮುಂಚೆ ಆಕಿದ್ರೆ ಇನ್ನೂ ಚೆನ್ನಾಗಿರೋದು," ಎಂದು ಅವನು ತಿರುಗಿ ಹೋದ. ಓಹೋ, ಇವನ ಅನುಮಾನ ನನ್ನ ಮೇಲೆ ಎಂದು ಗೊತ್ತಾದಾಗ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮರುದಿನ ಅವಳು ಯಾರಿಗೂ ಹೇಳದೆ ತನ್ನೂರು ಕಾಮಸಮುದ್ರದಿಂದ ಮೊದಲ ಬಸ್ಸು ಹಿಡಿದಳು. ಡಬ್ಬಿ ಎಂಟಕ್ಕೆ ಗಂಟೆ ಹೊಡೆಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕು, ವಿಡಿಯೊ ಮಾಡಬೇಕು, ಮೇಡಂ ಮೇಜಿನ ಮೇಲೆ ಇಡಬೇಕು. ಅವ್ವ ಹಾಲು ಕರೆಯುತ್ತಿದ್ದವಳು, "ಇಷ್ಟೊತ್ಗೆ ಯಾವ ಕಾಲೇಜಮ್ಮಿ?" ಎಂದದ್ದಕ್ಕೂ ಉತ್ತರ ಕೊಡಲಿಲ್ಲ. ಮಗಳು ಡಾಕ್ಟ್ರು ಆಗ್ತಾಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ಅವ್ವ. ಸುಳ್ಳು ಅಂಕಿ ಬರೆದವಳು ಎಂಬ ಹೆಸರು ಹೊತ್ತುಕೊಂಡು ಆ ಮುಖ ನೋಡುವುದು ಹೇಗೆ?

ಕೋರಮಂಡಲ್‌ನ ಸಾಲುಮನೆಗಳ ಮುಂದೆ ನಲ್ಲಿ ನೀರಿಗೆ ಕೊಡಗಳು ಸಾಲಾಗಿ ಕೂತಿದ್ದವು. ಪೆರುಮಾಳರ ಮನೆಯ ಗೇಟಿಗೆ ಒರಗಿಸಿ ಒಂದು ಬೈಕ್ ನಿಂತಿತ್ತು. ಶ್ರೀಧರನದೇ. ಪಕ್ಕದಲ್ಲೇ ನಿಂತಿದ್ದ ಅವನ ಕೈಯಲ್ಲೂ ಮೊಬೈಲಿತ್ತು, ಕ್ಯಾಮೆರಾ ತೆರೆದಿತ್ತು.

"ನೀನ್ಯಾಕೆ ಬಂದೆ?" ಎಂದಳು.

"ನೀನು ಬರ್ತೀಯ ಅಂತ ಅನ್ನುಸ್ತು. ಒಬ್ಬಳೇ ಬಂದು ಡಬ್ಬಿಗೆ ಏನಾದ್ರೂ ಮಾಡಿಬಿಟ್ರೆ?"

ಶಶಿರೇಖ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದು ಕದಿರಮ್ಮ ಹೊರಗೆ ಇಣುಕಿದಳು. ಪೆರುಮಾಳರ ಹೆಂಡತಿ. ಇವಳಿಗೆ ಮೊದಲ ದಿನದಿಂದಲೂ ಇಬ್ಬರ ಮೇಲೂ ನಂಬಿಕೆಯಿಲ್ಲ. ಅದನ್ನು ಮುಚ್ಚಿಡುವ ಜಾಯಮಾನವೂ ಅವಳದ್ದಲ್ಲ.

"ಎನ್ನಮ್ಮಾ, ಏನು ಬೆಳಬೆಳಗ್ಗೇನೇ ಇಬ್ರೂ? ಆ ಡಬ್ಬಿ ನಾವು ಮಾತಾಡಾದೆಲ್ಲ ಕೇಳಿಸ್ಕಂಡು ನಿಮ್ಗೆ ಏಳ್ಬಿಡ್ತಾ?"

"ಇಲ್ಲ ಕದಿರಮ್ಮ, ಅದಕ್ಕೆ ಕಿವಿ ಇಲ್ಲ," ಎಂದ ಶ್ರೀಧರ.

"ಕಿವಿ ಇಲ್ದಿದ್ರೆ ಯಾವಾಗ ತೆಗುದ್ರು ಅಂತ ಕಾಲೇಜ್ಗೆ ಯಂಗೆ ಗೊತ್ತಾಯ್ತದೆ? ನಾನು ದಿನಾ ಟವಲ್ ಒದ್ಸಿ ಇಡ್ತೀನಿ ಅದ್ಕೆ. ಬನ್ನಿ ಒಳಕ್ಕೆ, ಕಾಲು ನೋಯ್ತದೆ."

ಒಳಗೆ ಪೆರುಮಾಳ್ ಆಗಲೇ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುಂದೆ ಟವಲ್ ಹೊದ್ದ ಡಬ್ಬಿ, ಪಕ್ಕದಲ್ಲಿ ಕೈಗಡಿಯಾರ. ಗಣಿ ಮುಚ್ಚುವವರೆಗೂ ಅವರು ಗಣಿಬಾಯಲ್ಲಿ ಕೂತು, ಜನರನ್ನು ಕೆಳಗಿಳಿಸುವ ಕೇಜಿಗೆ ಗಂಟೆ ಹೊಡೆದವರು. ಎಷ್ಟು ಗಂಟೆಗೆ ಏನರ್ಥ ಎಂದು ಬೋರ್ಡಿನಲ್ಲಿ ಬರೆದಿರುತ್ತಿತ್ತು. ಮನೆಮಾತು ತಮಿಳಾದರೂ ಅವರು ಕನ್ನಡ ಅಕ್ಷರ ಕಲಿತದ್ದು ಆ ಬೋರ್ಡುಗಳಿಂದಲೇ. ಬಂದವರನ್ನು ಕಂಡು ಕತ್ತು ಆಡಿಸಿದರು, ಅಷ್ಟೆ. ಏಳೂ ಐವತ್ತೆಂಟು. ಕರ್ತವ್ಯದ ಹೊತ್ತಿನಲ್ಲಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

ಎಂಟಕ್ಕೆ ಸರಿಯಾಗಿ ಡಬ್ಬಿ ಕೂಗಿತು. ಶ್ರೀಧರ ಗೆದ್ದವನಂತೆ ಶಶಿರೇಖಳ ಕಡೆ ನೋಡಿದ. ಪೆರುಮಾಳ್ ಟವಲ್ ಸರಿಸಿ, ಮುಚ್ಚಳ ಎತ್ತಿ, ಎರಡು ಬೆರಳಲ್ಲಿ ಒಂದು ಮಾತ್ರೆಯನ್ನು ಹೊರಗೆ ತೆಗೆದು ಮುಚ್ಚಳ ಹಾಕಿದರು. ಐದು ಸೆಕೆಂಡೂ ಆಗಿರಲಿಲ್ಲ. ಆಮೇಲೆ ಮೇಜಿನ ಕೆಳಗಿಂದ ಒಂದು ಗಾಜಿನ ಸೀಸೆ ಎತ್ತಿ ಅದರೊಳಗೆ ಮಾತ್ರೆ ಹಾಕಿ ಮುಚ್ಚಿದರು. ಸೀಸೆಯ ತಳದಲ್ಲಿ ಶಶಿರೇಖಳ ನಾಲ್ಕು ವರ್ಷ ಬಿಳಿಬಿಳಿಯಾಗಿ ಕೂತಿತ್ತು.

"ಆಯ್ತಮ್ಮ. ಈಗ ಕಾಪಿ ಕುಡೀರಿ," ಎಂದರು ಪೆರುಮಾಳ್.

ಶ್ರೀಧರ ಮೊಬೈಲ್ ಕೆಳಗಿಳಿಸಿದ.

"ತಾತ... ಮಾತ್ರೆ?" ಎಂದಳು ಶಶಿರೇಖ.

"ತೆಗೆದ್ನಲ್ಲಮ್ಮ. ನೀನೇ ನೋಡ್ದೆ."

"ತೆಗೆದು... ಬಾಯಿಗೆ ಆಕೊಳ್ಳಲ್ವಾ?"

ಪೆರುಮಾಳ್ ಅವಳನ್ನೇ ನೋಡಿದರು. ಆಮೇಲೆ ಡಬ್ಬಿಯನ್ನು ಅವಳ ಕಡೆ ತಿರುಗಿಸಿ, ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಗಂ-ಟೆ ಒಡೆ-ದಾಗ ಮಾ-ತ್ರೆ ತೆ-ಗೆ-ಯಿ-ರಿ. ಮು-ಚ್ಚಳ ಆ-ಕಿ." ಬೆರಳೆತ್ತಿದರು. "ತೆಗೆದೆ. ಆಕ್ದೆ. ಬಾಯಿ ವಿಷ್ಯ ಎಲ್ಲಮ್ಮ ಬರ್ದದೆ ಇದ್ರಲ್ಲಿ? ಕ್ಯಾಂಪ್‌ನಲ್ಲಿ ನೀನೇ ಏಳ್ದೆ, ತಾತಾ ನಿಮ್ಗೆ ಓದಾಕೆ ಬತ್ತದಲ್ಲ, ಬರ್ದಿರಾ ಅಂಗೆ ಮಾಡಿ ಅಂತ. ಮೈನ್ಸ್‌ನಾಗೆ ಬೋರ್ಡ್‌ನಲ್ಲಿ ಬರೀದೇ ಇರಾದು ಒಂದ್ ಮಾಡುದ್ರೆ ಕೆಳಗಡೆ ಅತ್ತು ಜನ ಸತ್ತೋಗ್ಬಿಡ್ತಾರೆ."

ಶಶಿರೇಖಳಿಗೆ ಎಲ್ಲ ನೆನಪಾಯಿತು. ಓದಲು ಬಾರದವರಿಗೆಲ್ಲ ಅವಳು ಕೈಯನ್ನು ಬಾಯಿಗೆ ತಂದು ನುಂಗುವ ಹಾಗೆ ಮಾಡಿ ತೋರಿಸಿದ್ದಳು. ಇಪ್ಪತ್ತನಾಲ್ಕು ಜನರಲ್ಲಿ ಅಕ್ಷರ ಬಲ್ಲವರು ಇವರೊಬ್ಬರೇ, ಹೇಳದೆ ಬಿಟ್ಟದ್ದೂ ಇವರೊಬ್ಬರಿಗೇ. ಚೀಟಿ ಬರೆದವಳೂ ಅವಳೇ. ಮೊದಲು 'ಮಾತ್ರೆ ತೆಗೆದುಕೊಳ್ಳಿ' ಎಂದು ಬರೆದಿದ್ದಳು. ಮುಚ್ಚಳದಲ್ಲಿ ಅಷ್ಟುದ್ದ ಹಿಡಿಯುವುದಿಲ್ಲ, ಚಿಕ್ಕದು ಮಾಡು ಎಂದವನು ಶ್ರೀಧರ. 'ನುಂಗಿ' ಎಂದು ಬರೆದಿದ್ದರೆ ಅರ್ಧ ಜಾಗ ಉಳಿಯುತ್ತಿತ್ತು. ಮನೆಯಲ್ಲಿ ಅಪ್ಪನಿಗೆ ಅವ್ವ ದಿನಾ ಕೂಗಿ ಹೇಳುವುದು ಅದೇ ಮಾತು. ಆದರೆ ಅದು ಹಳ್ಳಿ ಮಾತು, ಯೂನಿವರ್ಸಿಟಿಯ ಕಾಗದದಲ್ಲಿ ಚೆನ್ನಾಗಿರುವುದಿಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು. 'ತೆಗೆಯಿರಿ' ಎಂದು ಬರೆದು, ಎಷ್ಟು ಚೊಕ್ಕವಾಗಿದೆ ಎಂದು ಖುಷಿಪಟ್ಟಿದ್ದಳು. ಈಗ ಆ ನಾಚಿಕೆಗೇ ನಾಚಿಕೆಯಾಯಿತು.

ಬ್ಯಾಗಿನಿಂದ ರಕ್ತದೊತ್ತಡ ಅಳೆಯುವ ಯಂತ್ರ ತೆಗೆದು ಪೆರುಮಾಳರ ತೋಳಿಗೆ ಪಟ್ಟಿ ಸುತ್ತಿದಳು. ನೂರ ಎಂಬತ್ತೆರಡು. ಒಂದು ತಿಂಗಳಿಂದ ಈ ಮನುಷ್ಯ ಆಸ್ಪತ್ರೆಯ ಮಾತ್ರೆಯನ್ನೂ ಬಿಟ್ಟು, ತನ್ನದನ್ನೂ ನುಂಗದೆ, ಈ ಒತ್ತಡ ಹೊತ್ತುಕೊಂಡು ನಲ್ಲಿ ನೀರು ಹಿಡಿಯುತ್ತಿದ್ದಾರೆ. ಅವಳು ಪಟ್ಟಿ ಬಿಚ್ಚಿ ಮಡಿಸಿಟ್ಟಳು.

ಶ್ರೀಧರ ಅವಳನ್ನು ಬಾಗಿಲ ಬಳಿಗೆ ಕರೆದ. ಅವನ ದನಿಯಲ್ಲಿ ನಿನ್ನೆಯ ಕುಟುಕು ಇರಲಿಲ್ಲ. "ಶಶಿ, ನೀನು ಅಂಕಿ ಬದಲಾಯ್ಸಿಲ್ಲ, ನಾನೂ ಬದಲಾಯ್ಸಿಲ್ಲ. ಸಾಕು. ರೋಗಿ ಸೂಚನೆ ಪಾಲಿಸಿಲ್ಲ ಅಂತ ಒಂದು ಲೈನ್ ಬರ್ದು ಇವರೊಬ್ಬರನ್ನ ಕೈಬಿಡೋಣ. ಎಲ್ಲಾ ಸ್ಟಡಿಯಲ್ಲೂ ಒಂದಿಬ್ರು ಇಂಥವ್ರು ಇದ್ದೇ ಇರ್ತಾರೆ. ಇಬ್ಬರ ಥೀಸಿಸ್ಸೂ ಉಳಿಯುತ್ತೆ."

ಮಾತು ಸಿಹಿಯಾಗಿತ್ತು. ಒಂದು ಗಳಿಗೆ ಅವಳು ಅದನ್ನು ನಾಲಿಗೆಯ ಮೇಲಿಟ್ಟುಕೊಂಡೇ ನಿಂತಳು. ಒಳಗೆ ಪೆರುಮಾಳ್ ಹೆಂಡತಿಯನ್ನು ಕೇಳುತ್ತಿದ್ದರು, "ನಾನೇನಾನ ತಪ್ಪು ಮಾಡುದ್ನೇನೆ?"

ಶಶಿರೇಖ ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿದಳು. "ಮೇಡಂ, ಡಬ್ಬಿ ಸುಳ್ಳಲ್ಲ, ರಕ್ತ ಸುಳ್ಳಲ್ಲ, ತಾತ ಸುಳ್ಳಲ್ಲ. ಚೀಟಿ ತಪ್ಪು. ಬರೆದವಳು ನಾನು." ಎಲ್ಲವನ್ನೂ ಹೇಳಿದಳು.

"ಎಥಿಕ್ಸ್ ಕಮಿಟಿಗೆ ಹೇಳ್ಬೇಕು," ಎಂದರು ಮೇಡಂ. "ಅವರು ಎಲ್ಲಾ ಮೊದಲಿಂದ ಶುರು ಮಾಡಿ ಅನ್ನಬಹುದು. ಇನ್ನೊಂದು ವರ್ಷ, ಗೊತ್ತಲ್ಲ? ಮೊದಲು ಆಸ್ಪತ್ರೆ ಡಾಕ್ಟರನ್ನ ಲೈನಿಗೆ ಹಾಕ್ತೀನಿ, ಅವರು ಹೇಳಿದ ಹಾಗೆ ಮಾಡು."

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಆಸ್ಪತ್ರೆಯ ಹಳೆ ಮಾತ್ರೆ ಈಗಲೇ ಒಂದು ಕೊಡಿ, ಹತ್ತು ಗಂಟೆಗೆ ಅವರನ್ನು ಆಸ್ಪತ್ರೆಗೆ ಕರೆತನ್ನಿ. ಫೋನಿಟ್ಟಾಗ ಒಂದು ವರ್ಷ ಕಣ್ಣ ಮುಂದೆಯೇ ಸುಟ್ಟುಹೋದ ಸಂಕಟವಾಯಿತು ಅವಳಿಗೆ. ಶ್ರೀಧರ ಗೋಡೆ ನೋಡುತ್ತ ನಿಂತಿದ್ದ. ಆ ವರ್ಷದಲ್ಲಿ ಅವನ ಪಾಲೂ ಇತ್ತು.

ಕದಿರಮ್ಮ ದೇವರ ಗೂಡಿನ ಹಿಂದಿನಿಂದ ಹಳೆ ಮಾತ್ರೆಯ ಹಾಳೆ ತಂದಳು. ಶಶಿರೇಖ ಒಂದನ್ನು ಒತ್ತಿ ಪೆರುಮಾಳರ ಅಂಗೈಗೆ ಹಾಕಿದಳು. "ನುಂಗಿ ತಾತ. ತಪ್ಪು ನಿಮ್ಮದಲ್ಲ, ನಂದು. ನಾನೇ ತಪ್ಪಾಗಿ ಬರ್ದಿದ್ದು."

ಪೆರುಮಾಳ್ ಕೈ ಚಾಚಿದವರು ಹಾಗೇ ಕೂತರು. ಅವರ ಮುಖದಲ್ಲಿ ಅವಳು ಯಾವತ್ತೂ ಕಾಣದಿದ್ದ ಒಂದು ಭಾವ ಬಂತು. ಕದಿರಮ್ಮನ ಮುಖದಲ್ಲಿ ಅದು ಮೊದಲ ದಿನದಿಂದಲೂ ಇತ್ತು.

"ಅವತ್ತು ಇದ್ನ ಬಿಡು ಅಂದಿದ್ದೂ ನೀನೇ ಅಲ್ವೇನಮ್ಮ?" ಎಂದರು ಮೆಲ್ಲಗೆ. "ಇವತ್ತು ನುಂಗು ಅಂತೀಯ. ಬರ್ದಿದ್ದು ತಪ್ಪು ಅಂತೀಯ. ಬಾಯ್ಮಾತು ಬ್ಯಾಡ. ಬರ್ದು ಕೊಡು."

ಅವಳು ನೋಟ್‌ಬುಕ್ಕಿನ ಹಾಳೆ ಹರಿದು ದೊಡ್ಡಕ್ಷರದಲ್ಲಿ 'ಈ ಮಾತ್ರೆ ನುಂಗಿ' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಬರೆದು ಕೊಟ್ಟಳು. ಪೆರುಮಾಳ್ ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಸಾಲದೆಂಬಂತೆ ಹಾಳೆಯನ್ನು ಅವಳನ್ನು ದಾಟಿಸಿ ಶ್ರೀಧರನ ಕಡೆ ಚಾಚಿದರು.

"ನೀನು ಓದಪ್ಪ. ಅವ್ಳು ಬಾಯಲ್ಲಿ ಏಳಾದೂ ಇದ್ರಲ್ಲಿ ಬರ್ದಿರಾದೂ ಒಂದೇನಾ?"

ಶ್ರೀಧರ ಹಾಳೆ ತೆಗೆದುಕೊಂಡ. ಅವನು ಓದುತ್ತಿದ್ದಷ್ಟು ಹೊತ್ತೂ ಶಶಿರೇಖ ನೆಲ ನೋಡುತ್ತ ನಿಂತಿದ್ದಳು. ಮೂರೇ ಪದ ಓದಲು ಅವನು ಬಹಳ ಹೊತ್ತು ತೆಗೆದುಕೊಂಡ ಹಾಗೆ ಅವಳಿಗೆ ಅನಿಸಿತು.

"ಒಂದೇ ತಾತ," ಎಂದ ಅವನು. "ಸರಿಯಾಗೇ ಬರ್ದವ್ಳೆ. ನುಂಗಿ."

ಕದಿರಮ್ಮ ಚೊಂಬಿನಲ್ಲಿ ನೀರು ಕೊಟ್ಟಳು. ಪೆರುಮಾಳ್ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಮೂವರೂ ಅವರ ಗಂಟಲನ್ನೇ ನೋಡುತ್ತಿದ್ದರು. ಗಂಟಲ ಮಣಿ ಮೇಲೇರಿ ಕೆಳಗಿಳಿಯಿತು. ಆಮೇಲೆ ಅವರು ಚೊಂಬು ಕೆಳಗಿಟ್ಟು, ಯಾರೂ ಕೇಳದಿದ್ದರೂ, ಶಶಿರೇಖಳ ಮುಂದೆ ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದರು.