ಕೌದಿಯ ಒಳಗಿನ ಅರಿವೆ

“ಮನ್ಯಾಗ ಕುಂತ ತಿಂದು ತಿಂದು ಮುಕಳಿ ಬೆಳಿಸೀರಿ. ಎರಡು ಕೌದಿ ಹೊಲ್ಯಾಕ ನಿನಗ ಎಷ್ಟು ತಿಂಗಳ ಬೇಕಲೇ, ರಂಡೆ?”

ಬೇಲಿಯ ಆಚೆ ಮೋಟರ್ ಸೈಕಲ್ಲಿನಿಂದ ಇಳಿಯದೆಯೇ ಬೈಯುತ್ತಿದ್ದವನು ಗುಮಾನಸಿಂಗ, ಊರೊಡೆಯರ ಹವೇಲಿಯ ಕಾರಭಾರಿ. ಬೇಲಿಯ ಈಚೆಗೆ ಅವನು ಕಾಲಿಡುವವನಲ್ಲ. ಮೇಘವಾಳರ ಅಂಗಳ ಮೆಟ್ಟಿದರೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು, ಆ ಮರಳು ಸೀಮೆಯಲ್ಲಿ ನೀರೆಂದರೆ ತುಪ್ಪ. ಬೈಗುಳಕ್ಕೆ ಅಂಥ ಮಡಿಯೇನೂ ಇರಲಿಲ್ಲ, ಅದು ಸಲೀಸಾಗಿ ಬೇಲಿ ದಾಟುತ್ತಿತ್ತು.

ಧಾಪು ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. “ಮುಗದಂಗ ಐತ್ರಿ ಹುಕುಂ. ಒಂದರ ಅಂಚಷ್ಟ ಉಳದೈತಿ.”

“ನಾಡದ ಬೀಗರು ಬರಾಕತ್ತಾರ. ಅವರನ್ನ ನಿನ್ನ ಮಾರಿ ಮ್ಯಾಲ ಮಲಗಸೂಣೇನು?”

ಧಾಪುವಿನ ಸೂಜಿ ಓಡುತ್ತಲೇ ಇತ್ತು. ಬೈಸಿಕೊಳ್ಳುವಾಗಲೂ ಕೈ ನಿಲ್ಲಬಾರದು ಎಂಬುದು ಅವಳು ಈ ಮನೆಗೆ ಬಂದ ವರ್ಷ ಅತ್ತೆಯಿಂದ ಕಲಿತ ಪಾಠ.

ಮನೆಯಲ್ಲಿ ಕೂತು ತಿನ್ನುವುದಂತೆ. ಅವಳ ಕುಪ್ಪಸದ ಹೆಗಲಿಗೆ ಯಾವಾಗಲೂ ನಾಲ್ಕು ಸೂಜಿ ಚುಚ್ಚಿರುತ್ತಿದ್ದವು, ನಾಲ್ಕಕ್ಕೂ ಬೇರೆ ಬೇರೆ ದಾರ. ಬೆಳಗಿನ ತಂಪು ಬೆಳಕಿನಲ್ಲಿ ಬಿಳಿ ದಾರದ್ದು: ಬಾಡಮೇರಿನ ವ್ಯಾಪಾರಿಯ ಹೊದಿಕೆ, ಬಿಳಿಯ ಮೇಲೆ ಬಿಳಿ, ಅಕ್ಕಿಕಾಳಿನಷ್ಟು ಎಲೆಗಳನ್ನು ಕತ್ತರಿಸಿ ಅಂಚು ಮಡಚಿ ಕೂರಿಸಬೇಕು. ಅದರ ಮೇಲೆ ಬೆವರು ಬಿದ್ದರೂ ವ್ಯಾಪಾರಿ ತಿರುಗಿ ಮುಖಕ್ಕೆ ಎಸೆಯುತ್ತಾನೆ. ಬಿಸಿಲೇರಿ ಕಣ್ಣು ಕುಕ್ಕತೊಡಗಿದಾಗ ಕಪ್ಪು ದಾರದ್ದು: ಹವೇಲಿಯ ಕೌದಿ. ಅದಕ್ಕೆ ಕಣ್ಣು ಬೇಡ, ಬೆರಳೇ ದಾರಿ ಹಿಡಿದು ಹೋಗುತ್ತವೆ. ಮಧ್ಯಾಹ್ನ ಕೈಮಷಿನ್ನಿನ ಮುಂದೆ ಕೇರಿಯ ಹೆಂಗಸರ ಘಾಗ್ರಾ, ಅದಕ್ಕೆ ಗುಂಡಿ ಹಚ್ಚಲು, ಮಡಿಕೆ ಹಿಡಿಯಲು ಮೂರನೆಯ ಸೂಜಿ. ಇವುಗಳ ಸಂದಿಯಲ್ಲಿ, ಹೆಂಚಿನ ಮೇಲೆ ಸಜ್ಜೆ ರೊಟ್ಟಿ ಒಂದು ಮಗ್ಗುಲು ಬೇಯುವಷ್ಟು ಹೊತ್ತಿನಲ್ಲಿ, ಆಡು ಹಾಲು ಬಿಡಲು ಮೊಂಡು ಹಿಡಿದು ನಿಂತಾಗ, ಕೆಂಪು ದಾರದ ಸೂಜಿ. ಅದು ಮಗಳು ಮಿರಗಾಳ ಕೌದಿ. ಆರು ವರ್ಷದಿಂದ ಹೀಗೇ ಹೊಲಿದದ್ದು. ಮೊನ್ನೆ ತಾನೆ ಮುಗಿದು ಬೇಲಿಯ ಮೇಲೆ ಬಿಸಿಲು ಕಾಯುತ್ತಿತ್ತು.

ಗುಮಾನಸಿಂಗನ ಕಣ್ಣು ಅದರ ಮೇಲೆ ಬಿತ್ತು. ಕೋಲಿನ ತುದಿಯಿಂದ ಅಂಚನ್ನು ಎತ್ತಿ ನೋಡಿದ.

“ಇದ್ಯಾರದು?”

“ಹುಡುಗೀದ್ರಿ. ಬರೋ ವಾರ ಗಂಡನ ಮನಿಗೆ ಹೊಂಟಾಳ.”

“ಛಲೋ ಹೊಲದೀ. ಬೀಗರ ಕಡೆ ಒಬ್ಬ ಹಿರೇ ಮನಷ್ಯಾ ಹೆಚ್ಚಿಗಿ ಬರಾಕತ್ತಾನ. ಒಂದು ಕೌದಿ ಕಡಿಮಿ ಬಿದ್ದೈತಿ ಅಂತ ಹಿರೇ ಒಡತಿ ಮಾಜಿಸಾ ಅನ್ನಾಕತ್ತಿದ್ರು. ನಾಳಿ ಆ ಎರಡರ ಜೊತಿ ಇದನ್ನೂ ತಗೊಂಡ ಬಾ.”

ಆಗ ಸೂಜಿ ನಿಂತಿತು. “ಹುಕುಂ, ಹುಡುಗಿ ಬರಿಗೈಲೆ ಹೋಗಬೇಕಾಗ್ತೈತ್ರಿ. ಮತ್ತೊಂದು ಹೊಲ್ಯಾಕ ದಿನ ಇಲ್ಲ.”

“ನೀ ಕುಂತ ನೆಲ ಯಾರದು? ನೀ ಕುಡಿಯೋ ನೀರು ಯಾರದು?” ಅವನು ಬೈಕಿನ ಕಿಕ್ಕರ್ ಒದ್ದ. “ಢೇಢರ ಹುಡುಗಿಗೆ ಮೆತ್ತನ ಹಾಸಿಗಿ ಬೇಕಂತ. ಮರಳಿನ್ಯಾಗ ಹುಟ್ಟಿದಾಕಿ ಮರಳಿನ್ಯಾಗ ಮಲಗತಾಳ ಬಿಡು.”

ಮೇಘವಾಳರನ್ನು ಹೀಯಾಳಿಸುವ ಆ ಹೆಸರನ್ನು ಉಗುಳಿ ಅವನು ಹೋದ ಮೇಲೂ ಬಹಳ ಹೊತ್ತು ಅಂಗಳದಲ್ಲಿ ಪೆಟ್ರೋಲಿನ ವಾಸನೆ ಉಳಿದಿತ್ತು.

ಆ ಕಡೆಯವರಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ಕೌದಿ ಹೊತ್ತು ಹೋಗಬೇಕು. ಬೀಗರು ಅದನ್ನು ನಾಲ್ಕು ಜನರ ಮುಂದೆ ಬಿಚ್ಚಿ ಹಾಸುತ್ತಾರೆ, ಹೊಲಿಗೆ ನೋಡುತ್ತಾರೆ, ಅವ್ವನ ಕೈ ಎಂಥದೆಂದು ಅಳೆಯುತ್ತಾರೆ. ಕೌದಿ ಇಲ್ಲದೆ ಬಂದವಳಿಗೆ ‘ಬರಿನೆಲದಾಕಿ’ ಎಂಬ ಹೆಸರು ಬೀಳುತ್ತದೆ. ಅವಳು ಮುದುಕಿಯಾಗಿ ಸತ್ತರೂ ಹೆಣ ಎತ್ತುವವರು ಬರಿನೆಲದಾಕಿ ಹೋದಳು ಎನ್ನುತ್ತಾರೆ.

ಇನ್ನೊಂದು ಪದ್ಧತಿಯಿದೆ, ಅದು ಹೆಂಗಸರಿಗಷ್ಟೇ ಗೊತ್ತು. ಮಗಳ ಕೌದಿಯ ಒಳಪದರಿಗೆ ಮನೆಯ ಪ್ರತಿಯೊಬ್ಬ ಹೆಂಗಸು ಉಟ್ಟು ಹರಿದ ಅರಿವೆಯೊಂದನ್ನು ಇಡುತ್ತಾರೆ. ಕಾಣದ ಊರು, ಕಾಣದ ಗಂಡ, ಯಾರೂ ತನ್ನವರಿಲ್ಲದ ಹಾಸಿಗೆ. ಹುಡುಗಿ ಒಬ್ಬಳೇ ಮಲಗಬಾರದು ಅಂತ. ಮಿರಗಾಳ ಕೌದಿಯಲ್ಲಿ ಧಾಪುವಿನ ತೀರಿಹೋದ ಅವ್ವನ ಘಾಗ್ರಾ ಇತ್ತು. ಅತ್ತೆ ಹಸ್ತಿಯ ಮದುವೆಯ ಓಢಣಿ ಇತ್ತು. ಧಾಪು ಮಿರಗಾಳನ್ನು ಹಡೆದಾಗ ಮೈಕೆಳಗಿದ್ದ ಅರಿವೆ, ಎಷ್ಟು ಒಗೆದರೂ ಕಲೆ ಹೋಗದ್ದು, ಅದೂ ಇತ್ತು. ಐದು ವರ್ಷಕ್ಕೆ ಹಾವು ಕಚ್ಚಿ ಸತ್ತ ಹಿರಿಮಗಳು ಪೇಮಿಯ ಫ್ರಾಕು ಇತ್ತು.

ಹವೇಲಿಯ ಕೌದಿಗಳ ಮಾತೇ ಬೇರೆ. ಅವುಗಳ ಒಳಪದರಿಗೆ ಹಳೆಯ ಬಟ್ಟೆ ಹವೇಲಿಯಿಂದಲೇ ಗಂಟು ಕಟ್ಟಿ ಬರುತ್ತದೆ. ಮಿಕ್ಕ ಚೂರೂ ಗಂಟಿನಲ್ಲೇ ತಿರುಗಿ ಹೋಗಬೇಕು. ಮೇಘವಾಳರ ಚಿಂದಿಯ ಒಂದು ಎಳೆ ತಮ್ಮ ಹಾಸಿಗೆಯೊಳಗೆ ಸೇರಬಾರದೆಂದು ಅಷ್ಟು ಕಾಳಜಿ.

ಹೊಲದಿಂದ ಬಂದ ಗಂಡ ಖೇತಾರಾಮ ಸಂಗತಿ ಕೇಳಿ ಮುಖ ತೊಳೆಯುವುದನ್ನೂ ಮರೆತು ಹೊಸ್ತಿಲಲ್ಲಿ ಕೂತ.

“ಕೊಟ್ಟ ಬಿಡು.”

“ಪೇಮೀ ಫ್ರಾಕಿನ ಮ್ಯಾಲ ಅವರ ಬೀಗ ಹೂಸು ಬಿಟಗೋತ ಮಲಗಬೇಕೇನು?”

“ಒಳಗಿಂದು ಯಾರಿಗೆ ಕಾಣತೈತಿ? ಕೇಳಿದ್ರ, ನಿಮ್ಮ ಗಂಟಿನ್ಯಾಗ ಉಳದದ್ದ ಹಾಕೇನಿ ಅನ್ನು. ಹೂಂ ಅಂದ್ರ ಮುಗೀತು. ಹೂಂ ಅನ್ನಾಕ ನಿನ್ನ ಗಂಟೇನು ಹೋಗತೈತಿ?” ಖೇತಾರಾಮನ ದನಿ ಏರಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. “ಈ ನೆಲ ಬಿಡಿಸಿದ್ರ ಎಲ್ಲಿಗೆ ಹೋಗೂಣು, ನೀನ ಹೇಳು.”

ಮುದುಕಿ ಹಸ್ತಿ ಮೂಲೆಯಲ್ಲಿ ತಂಬಾಕು ತಿಕ್ಕುತ್ತಿದ್ದಳು. “ನಿನ್ನ ನಾದಿನೀದೂ ಹಿಂಗ ಒಯ್ದ್ರು,” ಎಂದಳು ಸೊಸೆಗೆ. “ಆಗ ಈ ಮಾಜಿಸಾ ಹೊಸಾ ಸೊಸಿ. ನಾ ಹೂಂ ಅಂದೆ. ಗೋಣೀಚೀಲ ಹೊಲದು ಮಗಳ ತಲಿ ಮ್ಯಾಲ ಹೊರಿಸಿ ಕಳಿಸಿದೆ. ಮುವ್ವತ್ತು ವರ್ಷ ಆತು, ಆಕಿ ಒಮ್ಮೀನೂ ತವರಮನಿಗೆ ಬಂದಿಲ್ಲ.” ಅಷ್ಟು ಹೇಳಿ ತಂಬಾಕು ಬಾಯಿಗೆ ಹಾಕಿಕೊಂಡಳು.

ಮಿರಗಾ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ. “ಯವ್ವಾ, ಬಿಚ್ಚಿ ಒಳಗಿನ ಅರಿವಿ ಆದ್ರೂ ತಕ್ಕೊಳ್ಳೂಣು. ಅವನ್ನ ಹಂಗ ಗಂಟ ಕಟಗೊಂಡ ಹೋಗತೀನಿ.”

ಧಾಪು ಕತ್ತರಿ ತೆಗೆದುಕೊಂಡು ಅಂಚಿಗೆ ಇಟ್ಟಳು. ಆರು ವರ್ಷದ ಹೊಲಿಗೆ, ಬೆರಳಿನ ಒಂದು ಗೆಣ್ಣಿಗೆ ಏಳೆಂಟು. ಒಂದು ಹೊಲಿಗೆಯನ್ನೂ ಕೊಯ್ಯದೆ ಕತ್ತರಿಯನ್ನು ತಿರುಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಂಡನ ಮೇಲೆ, ಹೂಂ ಅಂದ ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಚೆನ್ನಾಗಿ ಹೊಲಿದ ತನ್ನ ಕೈಯ ಮೇಲೆ.

ಮರುದಿನ ಮೂರೂ ಕೌದಿ ತಲೆಯ ಮೇಲೆ ಹೊತ್ತು ಹೊರಟಳು. ಹವೇಲಿಯ ಮುಂದಿನ ಬನ್ನಿ ಮರದಿಂದ ಆಚೆಗೆ ಮೇಘವಾಳರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಮರಳು ಕಾದಿತ್ತು. ಹಿತ್ತಲ ಅಂಗಳದಲ್ಲಿ ಬೀಗರ ಹೆಂಗಸರು ಒಂದು ದಿನ ಮೊದಲೇ ಬಂದು ಮಂಚಗಳ ಮೇಲೆ ಕೂತು ಶರಬತ್ತು ಕುಡಿಯುತ್ತಿದ್ದರು. ಮಾಜಿಸಾ ಬೆಳ್ಳಿ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ತಂಬಿಗೆಯೊಳಗೆ ಅವಳ ಬಂಗಾರದ ಉಂಗುರ. ಬಂಗಾರ ಮುಟ್ಟಿದ ನೀರು ಬಿದ್ದರೆ ಮೇಘವಾಳರ ಕೈ ತಾಗಿದ ದೋಷ ಹೋಗುತ್ತದೆ.

“ಅಲ್ಲೇ ಹಾಸು. ದೂರ ಸರಿ. ಇನ್ನೂ ದೂರ.”

ಧಾಪು ಹಾಸಿ, ಸರಿದು, ಗೋಡೆಯ ಬುಡದಲ್ಲಿ ನೆಲದ ಮೇಲೆ ಕೂತಳು. ಮೊದಲ ಕೌದಿಗೆ ನೀರು ಬಿತ್ತು, ಆಳು ಬಂದು ಒಯ್ದ. ಎರಡನೆಯದಕ್ಕೂ ಬಿತ್ತು. ಮೂರನೆಯದು ಬಿಚ್ಚಿಕೊಂಡಾಗ ಮಂಚದ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

“ಕೆಲಸ ಭಾಳ ಛಂದ ಐತ್ರಿ,” ಎಂದಳು ಬೀಗಿತ್ತಿ. “ಆದ್ರ ಇವರು ಒಳಗ ಏನೇನು ತುಂಬತಾರೋ ಯಾರಿಗೊತ್ತು. ನಮ್ಮೂರಾಗ ಒಮ್ಮಿ ಹೊಲಸ ಚಿಂದಿ ತುಂಬಿ ಕೊಟ್ಟಿದ್ರು.”

“ನಮ್ಮಲ್ಲಿ ಹಂಗ ನಡಿಯೂದಿಲ್ಲ. ಒಳಗಿನ ಅರಿವಿ ನಮ್ಮ ಮನೀದ.” ಮಾಜಿಸಾ ನಕ್ಕಳು. “ಏಯ್ ಧಾಪು, ಹೌದಿಲ್ಲೋ ಹೇಳು. ಬೀಗರು ಕೇಳಾಕತ್ತಾರ.”

ಹೂಂ ಎನ್ನಬೇಕಿತ್ತು, ಅಷ್ಟೇ. ಹೂಂ ಅಂದರೆ ನೆಲ ಉಳಿಯುತ್ತಿತ್ತು, ನೀರು ಉಳಿಯುತ್ತಿತ್ತು, ಗಂಡ ಉಸಿರು ಬಿಡುತ್ತಿದ್ದ. ಅದು ಬಾಯಿಯವರೆಗೂ ಬಂದಿತ್ತು. ಮಾಜಿಸಾಳ ಬೆರಳು ನೀರಿನಲ್ಲಿ ಅದ್ದಿಕೊಂಡಿದ್ದವು, ಹನಿಗಳು ಕೌದಿಯ ಮೇಲೆ ಬೀಳಲು ತಯಾರಾಗಿದ್ದವು. ಒಳಗೆ ಪೇಮಿ ಇದ್ದಳು.

“ಅಲ್ರಿ ಹುಕುಂ,” ಎಂದಳು ಧಾಪು.

ಎದ್ದು ಬಂದು ಕೌದಿಯ ಪಕ್ಕ ಮೊಣಕಾಲೂರಿದಳು. ಸೊಂಟದ ಕತ್ತರಿ ತೆಗೆದು ಒಂದು ಅಂಚನ್ನು ಮೂಲೆಯಿಂದ ಮೂಲೆಗೆ ಕೊಯ್ದಳು. ಒಳಗೆ ಕೈ ಹಾಕಿ ಎಳೆದಳು. ಆ ಸೀಮೆಯಲ್ಲಿ ಘಾಗ್ರಾದ ಮೇಲಿನ ಅಚ್ಚು ನೋಡಿದರೆ ಉಟ್ಟವರ ಜಾತಿ ಗೊತ್ತಾಗುತ್ತದೆ. ಯಾರಿಗೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಆದರೂ ಅವಳು ಹೇಳಿದಳು.

“ಇದು ನಮ್ಮವ್ವನ ಘಾಗ್ರಾ. ಸಾಯೋ ದಿನದ ತನಕಾ ಇದನ್ನ ಉಟ್ಟಿದ್ಲು. ಇದು ನಮ್ಮತ್ತೀ ಓಢಣಿ. ಇದರ ಮ್ಯಾಲ ನಾ ಹುಡುಗೀನ್ನ ಹಡದೆ, ನಿಮ್ಮ ಹೊಲದಾಗ, ಸಜ್ಜಿ ಕೊಯ್ಯೋ ಹೊತ್ತಿನ್ಯಾಗ. ರಕ್ತದ ಕಲಿ ಹೋಗಿಲ್ಲ ನೋಡ್ರಿ. ಇದು ನನ್ನ ಸತ್ತ ಮಗಳ ಫ್ರಾಕು.” ಸೆರಗಿನೊಳಗಿಂದಲೇ ತಲೆ ಎತ್ತಿದಳು. “ಇದಕ್ಕ ಎಷ್ಟ ನೀರು ಬೇಕಾಗ್ತೈತ್ರಿ ಮಾಜಿಸಾ?”

ಮಂಚದ ಮೇಲಿನವರೆಲ್ಲ ಕಾಲು ಮೇಲೆತ್ತಿಕೊಂಡರು. ಬೀಗಿತ್ತಿ ಮೂಗಿಗೆ ಸೆರಗು ಒತ್ತಿ, “ರಾಮ ರಾಮ, ಇದರ ಮ್ಯಾಲ ನಮ್ಮ ಮಾವನವರನ್ನ ಮಲಗಿಸವರಿದ್ರಿ,” ಎಂದಳು. ಮಾಜಿಸಾಳ ಕೈಯಿಂದ ತಂಬಿಗೆ ಜಾರಿತು. ಉಂಗುರ ಉರುಳುತ್ತಾ ಹೋಗಿ ಹೆರಿಗೆಯ ಅರಿವೆಯ ಮಡಿಕೆಯಲ್ಲಿ ನಿಂತಿತು. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಗುಮಾನಸಿಂಗ ಕೋಲು ಎತ್ತಿಕೊಂಡು ಒಳನುಗ್ಗಿದವನು ಅರಿವೆಗಳ ಮುಂದೆ ಗಕ್ಕನೆ ನಿಂತ. ಅವಳನ್ನು ಹೊಡೆಯಬೇಕಾದರೆ ಅವುಗಳನ್ನು ತುಳಿಯಬೇಕಿತ್ತು. “ಎತ್ತಲೇ ಸೂಳೆ, ಎತ್ತು ಇದನ್ನ,” ಎಂದು ಒದರಿದ. ಎತ್ತುವವರು ಧಾಪುವನ್ನು ಬಿಟ್ಟರೆ ಆ ಹವೇಲಿಯಲ್ಲಿ ಯಾರೂ ಇರಲಿಲ್ಲ.

ಅವಳು ಅವಸರ ಮಾಡಲಿಲ್ಲ. ಉಂಗುರವನ್ನು ನೆಲಕ್ಕೆ ಕೊಡವಿ, ಅರಿವೆಗಳನ್ನು ಒಂದೊಂದಾಗಿ ಒಳಗಿಟ್ಟು, ಬಾಯಿ ತೆರೆದ ಕೌದಿಯನ್ನು ಕೂಸಿನಂತೆ ಎರಡೂ ತೋಳಲ್ಲಿ ಎತ್ತಿಕೊಂಡಳು. ಚಪ್ಪಲಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಕಾಲಿಗೆ ಹಾಕಿಕೊಂಡಳು, ಹಾಕಿಕೊಂಡೇ ಗಂಡಸರು ಹುಕ್ಕಾ ಸೇದುತ್ತಿದ್ದ ಜಗುಲಿಯ ಮುಂದೆ ನಡೆದುಹೋದಳು.

ಮಧ್ಯಾಹ್ನದೊಳಗೆ ಕೇರಿಯವರು ನೀರು ತರುವ ತೊಟ್ಟಿಗೆ ಬೀಗ ಬಿತ್ತು. ಅಕ್ಕಪಕ್ಕದ ಗುಡಿಸಲುಗಳ ಬಾಗಿಲು ಮುಚ್ಚಿಕೊಂಡವು. ಖೇತಾರಾಮ ಬಂದಾಗ ರುಮಾಲು ತಲೆಯ ಮೇಲಿರಲಿಲ್ಲ, ಒಂದು ಕಿವಿಯಿಂದ ರಕ್ತ ಸೋರುತ್ತಿತ್ತು. “ಟ್ರ್ಯಾಕ್ಟರ್ ಬರಾಕತ್ತೈತಿ,” ಎಂದಷ್ಟೇ ಹೇಳಿ ಆಡುಗಳ ಹಗ್ಗ ಬಿಚ್ಚತೊಡಗಿದ.

ಧಾಪು ಕೌದಿಯನ್ನು ಅಂಗಳದ ನಡುವೆ ಹಾಸಿ ಅದರ ಮೇಲೆ ಕೂತಳು. ಕೌದಿ ಹೊಲಿಯುವುದೇ ಹಾಗೆ, ಮೇಲೆ ಕೂತು ಬಿಗಿ ಹಿಡಿಯದಿದ್ದರೆ ಪದರು ಜಾರುತ್ತವೆ. ಮಿರಗಾ ಇನ್ನೊಂದು ತುದಿಯಲ್ಲಿ ಕೂತಳು. ಕೊಯ್ದ ಅಂಚನ್ನು ಇಬ್ಬರೂ ಎರಡು ಕಡೆಯಿಂದ ಮುಚ್ಚುತ್ತಾ ಬಂದರು.

ಟ್ರ್ಯಾಕ್ಟರ್ ಮೊದಲು ಬೇಲಿ ಕಿತ್ತಿತು. ಹಸ್ತಿ ಕೈಮಷಿನ್ನನ್ನು ಎದೆಗೊತ್ತಿಕೊಂಡು ಹೊರಬಂದಳು, ಅದರ ಭಾರಕ್ಕೆ ಎರಡು ಸಲ ಮುಗ್ಗರಿಸಿದಳು. ಗೋಡೆ ಒಳಕ್ಕೆ ಕುಸಿಯಿತು, ಅದರ ಹಿಂದೆ ಹುಲ್ಲಿನ ಮಾಡು. ವ್ಯಾಪಾರಿಯ ಬಿಳಿ ಹೊದಿಕೆ ಒಳಗೆ ಗೂಟದಲ್ಲೇ ಇತ್ತು. ಮಿರಗಾ ಅದಕ್ಕಾಗಿ ಏಳಹೊರಟಳು.

“ಕುಂದರು. ಹೊಲಿ,” ಎಂದಳು ಧಾಪು.

ಧೂಳು ಇಳಿದಾಗ ಟ್ರ್ಯಾಕ್ಟರಿನ ಮೂತಿ ಕೌದಿಯಿಂದ ಎರಡು ಮಾರು ದೂರದಲ್ಲಿತ್ತು. ಎಂಜಿನ್ ನಿಂತಿರಲಿಲ್ಲ. ಅಂಗಳ ಮೆಟ್ಟಬಾರದೆಂದು ಗುಮಾನಸಿಂಗ ಮಡ್‌ಗಾರ್ಡಿನ ಮೇಲೆ ಕೂತಿದ್ದ.

“ಏಳತೀರೋ ಹಾಯಸಲೋ?”

ಖೇತಾರಾಮ ಎರಡೂ ಕೈಯಲ್ಲಿ ಆಡಿನ ಹಗ್ಗ ಹಿಡಿದು ನಿಂತಿದ್ದ. ಹಗ್ಗ ಬಿಟ್ಟ. ಬಂದು ಹೆಂಡತಿಯ ಬೆನ್ನ ಹಿಂದೆ ಕೌದಿಯ ಮೇಲೆ ಕೂತ. ಮುದುಕಿ ಮಷಿನ್ನನ್ನು ಮರಳಿನಲ್ಲಿ ಇಳಿಸಿ, ಮೊಣಕಾಲು ಹಿಡಿದುಕೊಂಡು ಅವನ ಪಕ್ಕ ಕೂತಳು.

“ಎಷ್ಟ ಉಳೀತ ಯವ್ವಾ?” ಎಂದಳು ಮಿರಗಾ.

“ಎರಡು ಗೇಣು.”

ಮುಂದಕ್ಕೆ ಬಿಡೆಂದು ಗುಮಾನಸಿಂಗ ಡ್ರೈವರನ ಭುಜ ತಟ್ಟಿದ. ಧಾಪು ಮುಗಿದ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಬೆಳಕಿಗೆ ಹಿಡಿದು, ಅದರ ಕಣ್ಣಿಗೆ ಹೊಸ ದಾರ ಪೋಣಿಸಿದಳು.