ಹಾಸಿಗೆ ಹಾಸ್ಕೊಂಡ ನೋಡಿ

ಬಾಯಿಯೊಂದನ್ನು ಬಿಟ್ಟರೆ ನನ್ನ ಭಾವನಿಗೆ ಬೇರೆ ಆಸ್ತಿ ಇರಲಿಲ್ಲ. ಅಕ್ಕನನ್ನು ಮದುವೆಯಾಗುತ್ತೇನೆಂದು ಮನೆಗೆ ಬಂದಾಗ ನಮ್ಮಪ್ಪ, "ಕೆಲಸ ಏನಪ್ಪ?" ಎಂದು ಕೇಳಿದರು. "ಫುಟ್ಬಾಲ್ ಮ್ಯಾಚ್ ನೋಡಿ ರೇಡಿಯೊದಲ್ಲಿ ಹೇಳ್ತೀನಿ" ಎಂದರು ಭಾವ. ನಮ್ಮಪ್ಪ ತಲೆದೂಗಿ, "ಅದು ಸರಿ, ಕೆಲಸ ಏನು?" ಎಂದು ಮತ್ತೆ ಕೇಳಿದರು. ಆಗ ನಾನು ನಕ್ಕಿದ್ದಕ್ಕೆ ಅಕ್ಕ ನನ್ನ ತೊಡೆ ಚಿವುಟಿದ್ದು ಇನ್ನೂ ನೆನಪಿದೆ.

ಆದರೆ ಆ ಕಾಲದ ಭಾವನ ಮಾತನ್ನು ಕೇಳಿದವರಿಗೆ ಅದು ಕೆಲಸವೇ ಎಂದು ಗೊತ್ತಾಗುತ್ತಿತ್ತು. ಮೈದಾನದ ಮೇಲಂತಸ್ತಿನಲ್ಲಿ ತಗಡಿನ ಮಾಡಿನ ಒಂದು ಗೂಡು, ಅದರೊಳಗೆ ಒಂದು ಮೈಕು, ಒಂದು ಸ್ಟೂಲು. ಸ್ಟೂಲಿನ ಮೇಲೆ ಅವರು ಕೂತಿದ್ದನ್ನು ನಾನು ಕಂಡಿಲ್ಲ. ನಿಂತೇ ಹೇಳುತ್ತಿದ್ದರು. "ಚೆಂಡು ಎಡಗಡೆ ಗೆರೆ ಹತ್ತಿರ. ತಲೆ ಎತ್ತಿ ನೋಡಿದ. ಮುಂದೆ ಯಾರೂ ಇಲ್ಲ. ಹಿಂದಕ್ಕೆ ಕೊಟ್ಟ." ಇಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ನಮ್ಮ ಬೀದಿಯ ಕ್ಷೌರದಂಗಡಿಯವನು ಮ್ಯಾಚಿನ ದಿನ ಅರ್ಧ ಗಡ್ಡ ಬೋಳಿಸಿ ರೇಡಿಯೊ ಮುಂದೆ ನಿಂತುಬಿಡುತ್ತಿದ್ದ. ಗಿರಾಕಿಯೂ ಬೈಯುತ್ತಿರಲಿಲ್ಲ, ಸೋಪು ಒಣಗುವವರೆಗೆ ಅವನೂ ಕೇಳುತ್ತ ಕೂರುತ್ತಿದ್ದ. ಆಟ ನಡೆಯುವಾಗ ಭಾವನ ಕಣ್ಣು ಚೆಂಡಿನಿಂದ ಆಚೆ ಸರಿಯುತ್ತಿರಲಿಲ್ಲ. ಪಕ್ಕದಲ್ಲಿ ಬೆಂಕಿ ಬಿದ್ದಿದ್ದರೂ, ಚೆಂಡು ಅತ್ತ ಹೋದರೆ ಮಾತ್ರ ತಿರುಗಿ ನೋಡುತ್ತಿದ್ದರೇನೋ.

ನನ್ನನ್ನು ಅದೇ ರೇಡಿಯೊದಲ್ಲಿ ಧ್ವನಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿಸಿದ್ದೂ ಅವರೇ. "ಕಿವಿ ಚೆನ್ನಾಗಿದೆ, ತಲೆ ಅಷ್ಟಕ್ಕಷ್ಟೆ" ಎಂದು ಶಿಫಾರಸು ಮಾಡಿದ್ದರು. ಮೊದಲ ದಿನವೇ ಅಲ್ಲಿನ ಹಿರಿಯರು ನನಗೆ ಹೇಳಿಕೊಟ್ಟ ಪಾಠ ಒಂದೇ: ರೇಡಿಯೊದಲ್ಲಿ ಮೌನ ಬರಬಾರದು. ಮಾತು ನಿಂತರೆ ಕೇಳುವವನು ಯಂತ್ರ ಕೆಟ್ಟಿತೆಂದು ಬೇರೆ ಕಡೆ ತಿರುಗಿಸುತ್ತಾನೆ. ಆಟ ನಡೆಯುತ್ತಿರುವಾಗ ಇದು ಕಷ್ಟವಲ್ಲ. ಯಾರೋ ಏಟು ತಿಂದು ಬಿದ್ದು ಆಟ ನಿಂತಾಗ ಫಜೀತಿ. ಬಿದ್ದವನು ಬಿದ್ದಿದ್ದಾನೆ, ಅದನ್ನೇ ಎಷ್ಟು ಸಲ ಹೇಳುವುದು?

ಭಾವ ಆ ಖಾಲಿ ಜಾಗಕ್ಕೆ ತಮಾಷೆ ತುಂಬಲು ಶುರುಮಾಡಿದರು. ಒಮ್ಮೆ ಒಬ್ಬ ದಢೂತಿ ರಕ್ಷಣಾ ಆಟಗಾರ ಬಿದ್ದಾಗ, "ಇವರನ್ನ ಎತ್ತೋಕೆ ಸ್ಟ್ರೆಚರ್ ಸಾಲದು, ಲಾರಿ ಕರೆಸಿ" ಎಂದರು. ಮರುದಿನ ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಗೋಲು ಯಾರು ಹೊಡೆದರೆಂದು ಯಾರಿಗೂ ನೆನಪಿರಲಿಲ್ಲ. ಅಲ್ಲಿಂದ ಭಾವ ಆಟ ನಿಲ್ಲುವುದನ್ನೇ ಕಾಯತೊಡಗಿದರು. ಆಮೇಲಾಮೇಲೆ ನಿಲ್ಲುವವರೆಗೂ ಕಾಯುತ್ತಿರಲಿಲ್ಲ.

ಟಿವಿಯವರು ಬಂದು ಕರೆದುಕೊಂಡು ಹೋದದ್ದು ಆ ತಮಾಷೆಗಾಗಿಯೇ. ಭಾವ ಹೋದರು, ಬಾಲದ ಹಾಗೆ ನಾನೂ ಹೋದೆ. ತಗಡಿನ ಗೂಡಿನ ಬದಲು ಗಾಜಿನ ಕೋಣೆ, ಸ್ಟೂಲಿನ ಬದಲು ತಿರುಗುವ ಕುರ್ಚಿ. ಈಗ ಭಾವ ಕೂರುತ್ತಿದ್ದರು. ಎದುರಿಗೆ ಒಂದು ಪುಟ್ಟ ಪರದೆ, ಜನ ಮನೆಯಲ್ಲಿ ಏನು ನೋಡುತ್ತಿದ್ದಾರೋ ಅದೇ ಚಿತ್ರ ಅದರಲ್ಲಿ. ಅವರ ಮಾತು ರೇಡಿಯೊದಲ್ಲೂ ಹೋಗುತ್ತಿದ್ದರಿಂದ ಮೈದಾನಕ್ಕೆ ಬಂದವರೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿದ್ದರು. ಭಾವ ಒಂದು ಮಾತು ಬಿಟ್ಟರೆ ಮೈದಾನದ ಸುತ್ತ ನಗು ಏಳುತ್ತಿತ್ತು. ಕ್ಯಾಮೆರಾ ನಗುವವರನ್ನು ತೋರಿಸುತ್ತಿತ್ತು. ಭಾವ ಅದನ್ನು ಪರದೆಯಲ್ಲಿ ನೋಡಿ ಇನ್ನೊಂದು ಬಿಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಭಾವ, ಆಟ ಕಿಟಕಿಯಾಚೆ ನಡೀತಿದೆ. ನೀವು ನೋಡಿದರೆ ಆ ಡಬ್ಬ ನೋಡ್ಕೊಂಡು ಕೂತಿರ್ತೀರ" ಎಂದೆ.

"ಲೋ, ಆಟ ನೋಡೋಕೆ ಜನಕ್ಕೆ ಕಣ್ಣಿದೆ ಕಣೋ. ಅವರು ನಗ್ತಾ ಇದಾರಾ ಇಲ್ವಾ ಅಂತ ನೋಡೋದು ನನ್ನ ಕೆಲಸ."

ಆಟಗಾರರಿಗೆಲ್ಲ ಅಡ್ಡಹೆಸರಿಟ್ಟರು. ಚೆಂಡು ತಡೆಯಲಾರದ ಗೋಲ್‌ಕೀಪರನೊಬ್ಬನಿಗೆ ಜರಡಿ. ರೆಫರಿಯೊಬ್ಬರಿಗೆ ಸೋದರಮಾವ, ಯಾಕೆಂದರೆ ಒಂದೇ ತಂಡದ ಮೇಲೆ ಅವರಿಗೆ ಅಕ್ಕರೆ ಹೆಚ್ಚು. ಬಲಗಡೆ ಓಡುವ ಒಬ್ಬ ಮುಂಚೂಣಿ ಆಟಗಾರನಿದ್ದ. ಒಳ್ಳೆಯ ಕಾಲು, ಆದರೆ ಯಾರ ಮೊಣಕೈ ಸೋಕಿದರೂ ಉದ್ದಕ್ಕೆ ಬಿದ್ದು ಪೆನಾಲ್ಟಿ ಕೇಳುವ ಚಾಳಿ. ಅವನಿಗೆ ಹಾಸಿಗೆ ಎಂದು ಹೆಸರಿಟ್ಟರು. ಅವನು ಬಿದ್ದಾಗಲೆಲ್ಲ "ಹಾಸಿಗೆ ಹಾಸ್ಕೊಂಡ ನೋಡಿ!" ಎಂದು ರಾಗ ಎಳೆಯುತ್ತಿದ್ದರು. ಅದು ಭಾವನ ಹೆಸರಿಗಿಂತ ದೊಡ್ಡದಾಯಿತು. ನೆಲದ ಮೇಲೆ ಜಾರಿದ ಮುದುಕರನ್ನು ಕಂಡರೂ ಹುಡುಗರು ಅದನ್ನೇ ಕೂಗಿದರು.

ಹಾಸಿಗೆ ಒಳ್ಳೆಯ ಮನುಷ್ಯ. ಒಂದು ಸಲ ಮ್ಯಾಚು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕು, ನಗುತ್ತಲೇ, "ಸಾರ್, ನನಗೇನೋ ಪರವಾಗಿಲ್ಲ. ಶಾಲೇಲಿ ನನ್ನ ಮಗಳನ್ನ ತಲೆದಿಂಬು ಅಂತಾರೆ" ಎಂದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ಅದನ್ನೂ ಪ್ರಸಾರದಲ್ಲಿ ಹೇಳಿದರು. ಅಕ್ಕನಿಗೆ ಅದು ಸರಿಬರಲಿಲ್ಲ. "ಮಗು ವಿಷಯ ಯಾಕ್ರೀ ಎಳೆದ್ರಿ?" ಎಂದಳು. ಆ ವರ್ಷ ಭಾವನಿಗೆ ಪ್ರಶಸ್ತಿ ಬಂತು, ಅಕ್ಕ ಬಾಯಿ ಮುಚ್ಚಿಕೊಂಡಳು.

ಆ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಹೊರಗೆ ನಿಲ್ಲಿಸಿದ್ದ ಪ್ರಸಾರದ ವ್ಯಾನಿನಲ್ಲಿ ನನ್ನ ಧ್ವನಿಯ ಮೇಜಿನ ಮುಂದೆ ಕೂತು ಎಲ್ಲ ಕ್ಯಾಮೆರಾಗಳ ಚಿತ್ರ ನೋಡುತ್ತಿದ್ದೆ. ಚೆಂಡು ಮೈದಾನದ ಆ ತುದಿಯಲ್ಲಿತ್ತು. ಹಾಸಿಗೆ ಈ ತುದಿಯಲ್ಲಿ ಒಬ್ಬನೇ ನಿಂತಿದ್ದವನು ಬಿದ್ದ.

ಭಾವ ಬಿಡುತ್ತಾರೆಯೇ? "ಅಯ್ಯಯ್ಯೋ, ಹತ್ತಿರ ಒಬ್ಬರೂ ಇಲ್ಲ, ಗಾಳಿ ಬಂದು ಡಿಕ್ಕಿ ಹೊಡೀತು! ಹಾಸಿಗೆ ಹಾಸ್ಕೊಂಡ ನೋಡಿ!" ಮೈದಾನ ಗೊಳ್ಳೆಂದಿತು. ಎದುರಾಳಿ ತಂಡದವರು ಆ ತುದಿಯಿಂದ ಓಡುತ್ತಲೇ ಎರಡೂ ಕೈ ಬೀಸಿ ಡಾಕ್ಟರನ್ನು ಕರೆದರು. "ಎದುರಾಳಿಗಳೂ ನಾಟಕದ ಕಂಪನಿ ಸೇರಿದರು" ಎಂದರು ಭಾವ. ವ್ಯಾನಿನಲ್ಲಿ ನಮ್ಮ ನಿರ್ದೇಶಕರು, "ಏನೋ ಸರಿಯಿಲ್ಲ. ಅವನನ್ನ ತೋರಿಸಬೇಡಿ, ಎಲ್ಲ ಕ್ಯಾಮೆರಾನೂ ಜನರ ಕಡೆ ತಿರುಗಿಸಿ" ಎಂದು ಕೂಗಿದರು. ಅದು ನಮ್ಮಲ್ಲಿ ನಿಯಮ. ಯಾರಿಗಾದರೂ ತೀರಾ ಪೆಟ್ಟಾದರೆ ಅವರ ಮನೆಯವರು ಟಿವಿಯಲ್ಲಿ ನೋಡಬಾರದೆಂದು ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ. ತಿರುಗಿದ ಕಡೆ ಜನ ನಗುತ್ತಿದ್ದರು. ಆ ನಗು ಭಾವನ ಪರದೆಗೆ ಹೋಯಿತು. ಅದನ್ನು ನೋಡಿ ಅವರಿಗೆ ಹುರುಪು ಏರಿತು. "ಹೊದಿಕೆ ತಂದುಕೊಡ್ರಪ್ಪ, ಚಳಿಯಾಗುತ್ತೆ. ಲೈಟ್ ಆರಿಸಿ. ಯಾರಾದ್ರೂ ಲಾಲಿ ಹಾಡಿ."

ನಾನು ಅವರ ಕಿವಿಗೆ ಹೋಗುವ ಮೈಕಿನಲ್ಲಿ, "ಭಾವ, ನಿಲ್ಸಿ! ಹೊರಗೆ ನೋಡಿ!" ಎಂದು ಅರಚಿದೆ. ತಮಾಷೆ ಮಾಡುವಾಗ ಲಯ ಕೆಡುತ್ತದೆಂದು ಅವರು ಕಿವಿಯ ವೈರನ್ನು ಕಿತ್ತು ಮೇಜಿನ ಮೇಲಿಟ್ಟಿರುತ್ತಿದ್ದರು. ಆಸ್ಪತ್ರೆಯ ಗಾಡಿ ಮೈದಾನದೊಳಕ್ಕೆ ಬಂದಾಗ ನಗು ತಾನಾಗಿಯೇ ಸತ್ತಿತು. ಆಗ ಭಾವ ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಹಾಸಿಗೆಯ ಸುತ್ತ ಬೆನ್ನುಗಳೇ ಇದ್ದವು. ಆಸ್ಪತ್ರೆಯ ದಾರಿಯಲ್ಲೇ ಹೃದಯ ನಿಂತಿತ್ತೆಂದು ಸಂಜೆ ಹೇಳಿದರು.

ಪ್ರಶಸ್ತಿ ಕೊಟ್ಟವರೇ ಉಗಿದರು. ಲಾಲಿ ಹಾಡಿ ಎಂದ ಆ ಧ್ವನಿಯನ್ನು ಊರೆಲ್ಲ ಫೋನಿನಲ್ಲಿ ಹಂಚಿಕೊಂಡಿತು. ಅಂದು ಮೈದಾನದಲ್ಲಿ ಕೂತು ಹಲ್ಲು ಕಿರಿದವರೇ ಎಲ್ಲರಿಗಿಂತ ಜೋರಾಗಿ ಬೈದರು. ಟಿವಿಯವರು ಭಾವನನ್ನು ಮನೆಗೆ ಕಳಿಸಿದರು. ಭಾವ ಕ್ಷಮೆ ಕೇಳಿದರು, ಬರೆದು ಕೊಟ್ಟದ್ದನ್ನು ಓದಿದರು ಎಂದು ಜನ ಅದಕ್ಕೂ ಬೈದರು. ಹಾಸಿಗೆಯ ಮನೆಗೆ ಎರಡು ಸಲ ಹೋದರು. ಮೊದಲ ಸಲ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಅವನ ಮೈದುನ ಹೊರಗೆ ಬಂದು, "ನಮ್ಮಕ್ಕ ನಿಮ್ಮ ಧ್ವನಿ ಕೇಳಿದ್ರೆ ನಡುಗ್ತಾಳೆ. ಕೈ ಮುಗೀತೀನಿ, ಹೋಗಿ" ಎಂದ. ನಾನು ಜೊತೆಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಂದಿನಿಂದ ಭಾವನಿಗೆ ಬೇಕಾಗಿದ್ದದ್ದು ಒಂದೇ. ಆ ಮನೆಯಿಂದ ಯಾರಾದರೂ ಒಬ್ಬರು, ನಿಮ್ಮ ಮೇಲೆ ಕೋಪ ಇಲ್ಲ ಎನ್ನಬೇಕು. "ಅದೊಂದು ಬಂದ್ರೆ ನಾನು ಮತ್ತೆ ಮಾತಾಡ್ತೀನಿ ಕಣೋ" ಎನ್ನುತ್ತಿದ್ದರು. ಬೇರೊಂದು ಟಿವಿಯವರು, ಬೈಯುವುದಕ್ಕಾದರೂ ಜನ ನೋಡುತ್ತಾರೆಂದು ಅವರನ್ನು ಕೂರಿಸಿದರು. ಭಾವ ಹಳೆಯ ರೇಡಿಯೊದ ಮಾತಿಗೆ ಮರಳಿದರು. ಚೆಂಡು ಎಡಕ್ಕೆ, ಚೆಂಡು ಬಲಕ್ಕೆ. ಪರದೆಯ ಮೇಲೆ ಟವೆಲ್ಲು ಹಾಕಿ ಮುಚ್ಚುತ್ತಿದ್ದರು. ಆದರೆ ಯಾರಾದರೂ ಬಿದ್ದರೆ ಮಾತು ನಿಂತುಬಿಡುತ್ತಿತ್ತು. ಬಿದ್ದವನು ಎದ್ದು ಓಡುವವರೆಗೂ ಒಂದು ಶಬ್ದ ಹೊರಡುತ್ತಿರಲಿಲ್ಲ. ಫುಟ್ಬಾಲಿನಲ್ಲಿ ಬೀಳದೆ ಆಡುವವರು ಯಾರು? ಆ ಮೌನದ ನಡುವೆ ಹೋಟೆಲುಗಳಲ್ಲಿ ಕೂತವರು ತಾವೇ "ಹಾಸಿಗೆ ಹಾಸ್ಕೊಂಡ ನೋಡಿ" ಎಂದು ಕೂಗಿ ನಗುತ್ತಿದ್ದರಂತೆ. ಆ ಕೆಲಸವೂ ಹೋಯಿತು. ಕೊನೆಗೆ ಒಂದು ಚಿಕ್ಕ ರೇಡಿಯೊದಲ್ಲಿ ಶಾಲಾ ಕಾಲೇಜುಗಳ ಮ್ಯಾಚು ಹೇಳಲು ಕರೆದರು. ಅಲ್ಲಿಗೂ ಅವರ ಹಿಂದೆ ಹೋಗಿ ಧ್ವನಿ ನೋಡಿಕೊಳ್ಳುತ್ತಿದ್ದ ನಾನು ಅವರ ಮೌನ ಬಂದಾಗಲೆಲ್ಲ ಜನರ ಗದ್ದಲವನ್ನು ಜೋರು ಮಾಡಿ ತೇಪೆ ಹಾಕುತ್ತಿದ್ದೆ. ಹರಿದ ಬಟ್ಟೆಗೆ ಎಷ್ಟು ದಿನ ತೇಪೆ ಹಾಕುವುದು?

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಅಕ್ಕನ ಮನೆಯಲ್ಲಿ ನಾನಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಕಾಲೇಜು ಓದುವ ವಯಸ್ಸಿನ ಹುಡುಗಿ. ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಛತ್ರಿ. ಅಪ್ಪನ ಹೆಸರು ಹೇಳಿದಳು. ಭಾವ ಪತ್ರಿಕೆ ಬಿಟ್ಟು ಎದ್ದು ನಿಂತರು. ಅಕ್ಕ ಕುರ್ಚಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನು ಬಾಚಿ ತಬ್ಬಿಕೊಂಡು ಒಳಗೆ ಓಡಿದವಳು, ನೀರಿನ ಲೋಟ ಹಿಡಿದು ವಾಪಸ್ ಬಂದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಆಸೆ ಕಂಡೆ. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ.

"ಕೂತ್ಕೊಳಮ್ಮ" ಎಂದರು ಭಾವ. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ಅಂಕಲ್, ಒಂದು ವಿಷಯ ಕೇಳ್ಬೇಕಿತ್ತು. ಅಮ್ಮನಿಗೆ ಹೇಳಿ ಬಂದಿಲ್ಲ."

"ಕೇಳಮ್ಮ."

"ಅವತ್ತು ನಾನು ಮೈದಾನದಲ್ಲೇ ಇದ್ದೆ. ಗೋಲಿನ ಹಿಂದಿನ ಸಾಲಲ್ಲಿ, ಮಾವನ ಜೊತೆ. ಅಪ್ಪ ಬಿದ್ದ ತಕ್ಷಣ ಮುಂದಿನವರೆಲ್ಲ ಎದ್ದು ನಿಂತುಬಿಟ್ರು. ನಾನು ಚಿಕ್ಕವಳು, ಏನೂ ಕಾಣಿಸಲಿಲ್ಲ. ಟಿವಿಯವರನ್ನ ಕೇಳಿದೆ. ಕ್ಯಾಮೆರಾ ಎಲ್ಲ ಜನರ ಕಡೆ ಇತ್ತು, ಬಿದ್ದ ಮೇಲೆ ಅಪ್ಪನ ಚಿತ್ರ ಇಲ್ಲ ಅಂದ್ರು. ಹತ್ತಿರ ಓಡಿ ಹೋದ ಆಟಗಾರರನ್ನೂ ಕೇಳಿದೆ. ಅವರು ಹೋಗೋ ಹೊತ್ತಿಗೆ ಅಪ್ಪನಿಗೆ ಜ್ಞಾನ ಇರಲಿಲ್ಲವಂತೆ." ಅವಳು ನೀರು ಮುಟ್ಟಲಿಲ್ಲ. "ಬಿದ್ದಾಗಿಂದ ಅವರು ಬರೋವರೆಗೆ ಅಪ್ಪ ನಮ್ಮ ಕಡೆ ನೋಡಿದ್ರಾ? ಎಲ್ಲರಿಗಿಂತ ಮೇಲೆ ಕೂತಿದ್ದವರು ನೀವು. ನಿಮಗೆ ಪೂರ್ತಿ ಕಾಣಿಸಿರುತ್ತೆ."

ಭಾವ ಬಾಯಿ ತೆರೆದರು. ಇಲ್ಲಮ್ಮ, ನೋಡಲಿಲ್ಲ ಎಂದಾದರೂ, ನೋಡಿದರು ಎಂದಾದರೂ ಒಂದು ಸುಳ್ಳು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಜೀವನವಿಡೀ ಗಾಳಿಯಲ್ಲಿ ಮಾತು ಕಟ್ಟಿದ ಮನುಷ್ಯನಿಗೆ ಅದೇನು ಕಷ್ಟ?

"ನಾನು ನೋಡ್ತಾ ಇರಲಿಲ್ಲಮ್ಮ" ಎಂದರು.

"ಅಲ್ಲ, ಬಿದ್ದ ಕೂಡಲೇ ನೀವು ಹೇಳಿದ್ರಲ್ಲ."

"ಬಿದ್ದಿದ್ದು ನೋಡಿದೆ. ಆಮೇಲೆ ನೋಡಲಿಲ್ಲ."

"ಮತ್ತೆ ಅಷ್ಟು ಹೊತ್ತು ಏನನ್ನ ನೋಡಿ ಮಾತಾಡಿದ್ರಿ?"

"ನಗ್ತಿದ್ದವರನ್ನ."

ಅವಳು ತಲೆ ಬಗ್ಗಿಸಿ ಛತ್ರಿಯ ಗುಂಡಿಯನ್ನು ಹಾಕಿ ತೆಗೆದು ಮಾಡಿದಳು. "ಸರಿ ಬಿಡಿ. ಅಷ್ಟು ಜನರಲ್ಲಿ ಯಾರಾದ್ರೂ ಒಬ್ಬರು ನೋಡಿರ್ತಾರೆ ಅಂದ್ಕೊಂಡಿದ್ದೆ" ಎಂದು ಎದ್ದಳು.

ಭಾವ ಬಾಗಿಲವರೆಗೂ ಅವಳ ಹಿಂದೆ ಹೋದರು. "ಮಗು, ನನ್ನ ಮೇಲೆ ನಿನಗೆ ಕೋಪ ಇದೆಯಾ?"

ಅವಳು ಆಶ್ಚರ್ಯದಿಂದ ನೋಡಿದಳು. ಆ ಪ್ರಶ್ನೆ ಅವಳ ತಲೆಗೆ ಬಂದೇ ಇರಲಿಲ್ಲ ಅನ್ನಿಸುತ್ತದೆ. "ನಿಮ್ಮ ಮೇಲಾ? ಇಲ್ಲ ಅಂಕಲ್. ಮಾವನ ರೇಡಿಯೊದ ಒಂದು ವೈರು ನನ್ನ ಕಿವೀಲಿತ್ತು. ಲಾಲಿ ಹಾಡಿ ಅಂದಾಗ ನಾನೂ ನಕ್ಕೆ. ತುಂಬ ನಕ್ಕೆ. ಅದಕ್ಕೇ ಕೇಳಿದ್ದು, ಅಪ್ಪ ಈ ಕಡೆ ನೋಡಿದ್ರಾ ಅಂತ."

ಅವಳು ಮೆಟ್ಟಿಲಿಳಿದು ಹೋದಳು. ಭಾವ ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಇದ್ದರು. ಅಕ್ಕ ಅವರ ತೋಳು ಮುಟ್ಟಿ, "ಕೇಳಿಸ್ತಾ? ಕೋಪ ಇಲ್ಲ ಅಂದ್ಲಲ್ರೀ. ಇನ್ನಾದ್ರೂ ಸಮಾಧಾನ ಮಾಡ್ಕೊಳಿ, ಮೊದಲಿನ ಹಾಗೆ ಮಾತಾಡಿ" ಎಂದಳು.

"ಅವರಪ್ಪ ಸಾಯ್ತಿರುವಾಗ ಆ ಮಗೂನ ನಗಿಸಿದೆ ಕಣೇ" ಎಂದರು ಭಾವ.

ಮಧ್ಯಾಹ್ನ ಮ್ಯಾಚಿತ್ತು. ಹೊರಡುವ ಹೊತ್ತಿಗೆ ಅವರನ್ನು ಕರೆದೆ, ಕುರ್ಚಿಯಿಂದ ಏಳಲಿಲ್ಲ. ನಾನೊಬ್ಬನೇ ಹೋಗಿ ಮೈಕನ್ನು ಅವರ ಬದಲು ಹೇಳಲು ಬಂದವರ ಅಳತೆಗೆ ತಗ್ಗಿಸಿ ಕೊಟ್ಟೆ.