ರೀಸ್ಟಾರ್ಟ್ ಮಾಡಲೊಲ್ಲದ ಜಯಮಾಲಾ

೧

ಎಲ್ಲಿಂದ ಶುರು ಮಾಡಲಿ? ಸರ್ವರ್‌ನಿಂದ ಅಂದರೆ ನೀವು ಪುಟ ಮಗುಚುತ್ತೀರಿ, ಗೊತ್ತು. ಹಾಗಾಗಿ ಶಿವಾಜಿನಗರದ ಒಂದು ಆಸ್ಪತ್ರೆಯಿಂದ. ಬೆಳಿಗ್ಗೆ ಹನ್ನೊಂದು. ಹೆರಿಗೆಯಾದ ತೂಬಾಳಿಗೆ ರಕ್ತ ನಿಲ್ಲುತ್ತಿಲ್ಲ. ಅವಳ ತಾಯಿ ಶಂಶುನ್ನೀಸಾ ಕೌಂಟರಿನ ಮುಂದೆ ನಿಂತಿದ್ದಾಳೆ. ಓ ನೆಗೆಟಿವ್ ಯಾವ ರಕ್ತನಿಧಿಯಲ್ಲಿದೆ ಎಂದು ಹೇಳಬೇಕಾದ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇದೆ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಗುಡುಗು ಇತ್ತು. ನಾಚಿಕೆಯಾಗಿ ಹರಿದು ಹಾಕಿದೆ.)

೨

ಆ ಪರದೆಗೆ ಉತ್ತರ ಕೊಡುವ ಡೇಟಾಬೇಸನ್ನು ಮಹದೇವಪುರದ ಆಫೀಸೊಂದರಲ್ಲಿ ನೋಡಿಕೊಳ್ಳುವವಳು ಜಯಮಾಲಾ. ಕಲಬುರಗಿ ಕಡೆಯವಳು, ಬಾಣಸವಾಡಿಯಲ್ಲಿ ಬಾಡಿಗೆ ರೂಮು. ಮ್ಯಾನೇಜರ್ ಸುನಿಲ್ ಅವಳ ಕುರ್ಚಿಯ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಾನೆ.

“ಮೆಮೊರಿ ಫುಲ್ ಆಗಿದೆ ಕಣ್ರೀ. ರೀಸ್ಟಾರ್ಟ್ ಮಾಡ್ಬಿಡಿ, ಎಲ್ಲಾ ಕ್ಲಿಯರ್ ಆಗತ್ತೆ.”

“ಬ್ಯಾಡ್ರಿ ಸರ್. ಕ್ಲಿಯರ್ ಆಗೋದೇ ತ್ರಾಸು. ಪದೇ ಪದೇ ಕೇಳೋದನ್ನ ಅದು ನೆನಪಿನ್ಯಾಗ ಇಟ್ಕೊಂಡಿರ್ತದ. ರೀಸ್ಟಾರ್ಟ್ ಮಾಡಿದ್ರ ಎಲ್ಲಾ ಮರೀತದ, ಮತ್ತ ಡಿಸ್ಕಿನಿಂದ ಓದಬೇಕು. ಅರ್ಧ ತಾಸು ಹೋಗ್ತದ.”

ನಾನು ನಡುವೆ ಬಾಯಿ ಹಾಕಿದೆ: “ಜಯಮಾಲಾ, ಒಂದ್ಸಲ ಕ್ರ್ಯಾಶ್ ಆಗ್ಲಿ ಬಿಡಿ. ಕಥೆ ರಂಗೇರತ್ತೆ.”

“ನಿಮ್ಮ ಕಥಿ ರಂಗೇರ್ತದ, ಅಲ್ಲಿ ಕಾಯೋರ ಜೀವ ಹೋಗ್ತದ. ಸುಮ್ ಕೂಡ್ರಿ.”

ಕೂತೆ.

೩

ಯಾವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ತೆರೆದಳು. ಇಪ್ಪತ್ಮೂರು ಕಡೆಯಿಂದ ಒಂದೇ ಕ್ವೆರಿ, ಐದೈದು ಸೆಕೆಂಡಿಗೆ: ಮೂರು ವರ್ಷದ ಕೋರಿಕೆಗಳನ್ನೆಲ್ಲ ಓದಿ, ಎಷ್ಟು ಬೇಗ ಉತ್ತರ ಕೊಟ್ಟೆವು ಹೇಳು. ಜಯಮಾಲಾ ತಲೆಯೆತ್ತಿ ಗೋಡೆಯ ಟಿವಿ ನೋಡಿದಳು. ಸರ್ವರ್ ಎಷ್ಟು ಚುರುಕು ಎಂದು ತೋರಿಸಲು ಸುನಿಲ್ ಹೆಮ್ಮೆಯಿಂದ ಮಾಡಿಸಿದ ಡ್ಯಾಶ್‌ಬೋರ್ಡ್! ಆ ಪ್ರಶ್ನೆ ಕೇಳುತ್ತಿದ್ದುದು ಅದೇ. ಸರ್ವರ್ ನಿಧಾನವಾದಷ್ಟೂ, ಏನಾಯಿತೆಂದು ನೋಡಲು ಆಫೀಸಿನವರೆಲ್ಲ ಅದನ್ನೇ ತೆರೆದು ಕೂತಿದ್ದರು. ರಕ್ತದ ಪಟ್ಟಿಗೆ ಮೆಮೊರಿಯಲ್ಲಿ ಜಾಗವೇ ಉಳಿದಿರಲಿಲ್ಲ.

“ಎಲ್ರೂ ಆ ಪೇಜ್ ಮುಚ್ರಿ! ಟಿವಿನೂ!”

“ಟಿವಿ ಆಫ್ ಮಾಡಿದ್ರೆ ಸ್ಪೀಡ್ ಹೇಗ್ರೀ ಗೊತ್ತಾಗತ್ತೆ?” ಎಂದ ಸುನಿಲ್.

“ರಕ್ತ ಸಿಕ್ರ ಗೊತ್ತಾಗ್ತದ್ರಿ.”

(ಅಬ್ಬಾ! ಈ ಮಾತು ನಾನು ಬರೆದದ್ದಲ್ಲ. ಅವಳಿಗೆ ಕೊಡಲು ಇಟ್ಟುಕೊಂಡಿದ್ದ ಡೈಲಾಗು ಇದರ ಮುಂದೆ ಸಪ್ಪೆ.)

ಮುಚ್ಚದವರ ಕ್ವೆರಿಗಳನ್ನು ಒಂದೊಂದಾಗಿ ತಾನೇ ನಿಲ್ಲಿಸಿದಳು. ಇನ್ನು ಯಾವ ಕ್ವೆರಿಯೂ ಇಷ್ಟಕ್ಕಿಂತ ಹೆಚ್ಚು ಮೆಮೊರಿ ಹಿಡಿಯಬಾರದೆಂದು ಮಿತಿ ಹಾಕಿದಳು. ರೀಸ್ಟಾರ್ಟ್ ಇಲ್ಲ, ಗಡಿಬಿಡಿ ಇಲ್ಲ. ಎದ್ದು ನಿಂತು ಸಲಾಂ ಹೊಡೆಯೋಣ ಅನ್ನಿಸಿತು ನನಗೆ. ನಾಲ್ಕೇ ನಿಮಿಷಕ್ಕೆ ರಕ್ತದ ಪಟ್ಟಿಯಲ್ಲಿ ಒಂದು ಸಾಲು ಬದಲಾಯಿತು: ಓ ನೆಗೆಟಿವ್, ಎರಡು ಚೀಲ, ಹಲಸೂರಿನ ರಕ್ತನಿಧಿಯಿಂದ ಹೊರಟಿದೆ.

೪

ಅಂತ್ಯ ಒಂದು: ತೂಬಾ ಕಣ್ಣು ಬಿಡುತ್ತಾಳೆ. ಅಂತ್ಯ ಎರಡು: ಚೀಲ ತಲುಪುವಷ್ಟರಲ್ಲಿ... (ಬೇಡ, ಬರೆಯಲಾರೆ.) ಯಾವುದು ನಿಜ, ಜಯಮಾಲಾ?

“ತೂಬಾ ಯಾರ್ರೀ? ನಮ್ಮ ಟೇಬಲ್‌ನ್ಯಾಗ ಹೆಸರಿರಂಗಿಲ್ಲ, ಬರೀ ನಂಬರು.”

“ಹೆಸರು ನಾನೇ ಇಟ್ಟೆ. ತಾಯಿಯನ್ನ ಕೌಂಟರ್ ಮುಂದೆ ನಿಲ್ಲಿಸಿದ್ದೂ ನಾನೇ.”

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ಹಂಗಾದ್ರ ಇಲ್ಲ್ಯಾಕ ಕುಂತೀರಿ? ರಕ್ತ ನಾ ಕಳಿಸೀನಿ. ಆ ತಾಯಿ ಮುಂದ ಹೋಗಿ ನಿಲ್ಲಬೇಕಾದೋರು ನೀವು.”

ಶಿವಾಜಿನಗರದ ಬಸ್ಸು ಹತ್ತಿದ್ದೇನೆ, ಯಾವ ಅಂತ್ಯವೆಂದು ಇನ್ನೂ ನಿರ್ಧರಿಸದೆ. ನೀವು ಇದನ್ನು ಓದುತ್ತಿರುವಾಗಲೂ ಶಂಶುನ್ನೀಸಾ ನಿಂತೇ ಇದ್ದಾಳೆ.